ಆಯೋಗಕ್ಕೊಂದು ಅರ್ಜಿ: ಬಾಗಲಕೋಟೆ ಸೀಮೆಯವರು ತಿಳಿದಿರಬೇಕಾದ್ದು

‘ಮಾನವ ಹಕ್ಕು’ ಎಂದು ಕೆಂಪಕ್ಷರದಲ್ಲಿ ಬರೆದ ಹಲಗೆ ಹೊತ್ತ ಕಾರುಗಳು ಈಗ ರಾಜ್ಯದ ಯಾವ ತಾಲೂಕು ಕೇಂದ್ರದಲ್ಲೂ ಅಪರೂಪವಲ್ಲ. ಕೆಳಗೆ ಸಣ್ಣಕ್ಷರದಲ್ಲಿ ‘ಜಿಲ್ಲಾಧ್ಯಕ್ಷರು’ ಅಂತಲೋ ‘ತಾಲೂಕು ಉಪಾಧ್ಯಕ್ಷರು’ ಅಂತಲೋ ಇರುತ್ತದೆ. ಜಗಳ ಬಗೆಹರಿಸಿಕೊಡುತ್ತೇವೆ, ಸಾಹೇಬರಿಗೆ ನೋಟಿಸು ಕಳಿಸುತ್ತೇವೆ, ಸದಸ್ಯತ್ವದ ಕಾರ್ಡು ಮಾಡಿಸಿಕೊಡುತ್ತೇವೆ ಎಂದು ರೊಕ್ಕ ಕೇಳುವವರೂ ಇದ್ದಾರೆ. ಮೊದಲು ಒಂದು ಮಾತು ಖಚಿತವಾಗಿರಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಲಿ, ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕಾಗಲಿ ಜಿಲ್ಲಾ ಘಟಕ ಇಲ್ಲ, ತಾಲೂಕು ಅಧ್ಯಕ್ಷರಿಲ್ಲ, ಮಾರುವ ಗುರುತಿನ ಚೀಟಿಯಿಲ್ಲ. ಆಯೋಗದ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡ ಖಾಸಗಿ ಸಂಸ್ಥೆಗಳ ಬಗ್ಗೆ ದೆಹಲಿಯ ಆಯೋಗವೇ ಸಾರ್ವಜನಿಕರನ್ನು ಎಚ್ಚರಿಸಿದೆ. ಪ್ರಾಮಾಣಿಕವಾಗಿ ದುಡಿಯುವ ಹಕ್ಕು ಸಂಘಟನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ತಮ್ಮನ್ನು ಆಯೋಗ ಎಂದು ಕರೆದುಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ನಿಜವಾದ ಆಯೋಗ ಯಾವುದು? ಸಂಸತ್ತು ಮಾಡಿದ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993ರ ಮೇಲೆ ನಿಂತಿರುವ ಎರಡು ಸಂಸ್ಥೆಗಳಿವೆ. ದೆಹಲಿಯದು 1993ರ ಅಕ್ಟೋಬರ್ 12ರಂದು ಹುಟ್ಟಿತು. ಸರ್ಕಾರದ ದುಡ್ಡಿನಲ್ಲೇ ನಡೆಯುತ್ತ ಸರ್ಕಾರವನ್ನೇ ಪ್ರಶ್ನಿಸುವ ಇಂಥ ಸಂಸ್ಥೆ ಹೇಗಿರಬೇಕೆಂದು 1991ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಕೆಲವು ತತ್ವಗಳನ್ನು ಬರೆದಿದ್ದರು. ವಿಶ್ವಸಂಸ್ಥೆ 1993ರ ಡಿಸೆಂಬರ್‌ನಲ್ಲಿ ಅವಕ್ಕೆ ಒಪ್ಪಿಗೆ ಕೊಟ್ಟಿತು. ಕನ್ನಡ ನಾಡಿನ ಮೂವರು ದೆಹಲಿ ಆಯೋಗದ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಾರೆ: ನ್ಯಾಯಮೂರ್ತಿಗಳಾದ ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು ಮತ್ತು ಎಚ್.ಎಲ್. ದತ್ತು. ಬೆಂಗಳೂರಿನ ರಾಜ್ಯ ಆಯೋಗ 2005ರಲ್ಲಿ ಕಾಗದದ ಮೇಲೆ ಬಂದು, 2007ರ ಜುಲೈನಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಶುರು ಮಾಡಿತು. ಅದರ ಕಚೇರಿ ವಿಧಾನಸೌಧದ ಹತ್ತಿರದ ಬಹುಮಹಡಿ ಕಟ್ಟಡದಲ್ಲಿದೆ. ಬಾದಾಮಿಯಿಂದ ಅಲ್ಲಿಗೆ ಹೋಗಿಬರಬೇಕಾದ ಅಗತ್ಯ ಬಹುತೇಕ ಇಲ್ಲ, ಅಂಚೆ ಸಾಕು.

‘ಅರ್ಜಿ ಕೊಟ್ರ ಏನ್ ಆಕೈತ್ರಿ? ಅವ್ರೇನ್ ಬಂದು ಹಿಡಕೊಂಡ್ ಹೋಗ್ತಾರೇನ್ರಿ?’ ಎಂದು ಜನ ಕೇಳುತ್ತಾರೆ. ಹಿಡಿದುಕೊಂಡು ಹೋಗುವುದಿಲ್ಲ. ಆಯೋಗದ ಕೈಯಲ್ಲಿ ಬಡಿಗೆ ಇಲ್ಲ, ಪೆನ್ನಿದೆ. ಆದರೆ ಆ ಪೆನ್ನಿಗೆ ಕಾನೂನು ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳನ್ನು ಕೊಟ್ಟಿದೆ: ಅಧಿಕಾರಿಯನ್ನು ಕರೆಸಬಹುದು, ಪ್ರಮಾಣ ಮಾಡಿಸಿ ಕೇಳಬಹುದು, ಕಡತ ತರಿಸಬಹುದು. ತಹಶೀಲ್ದಾರರ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿದ ಅರ್ಜಿಗೂ ಆಯೋಗ ‘ಇಂತಿಷ್ಟು ವಾರದೊಳಗೆ ವರದಿ ಕೊಡಿ’ ಎಂದು ಕೇಳಿದ ಅರ್ಜಿಗೂ ಇರುವ ಅಂತರ, ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು. ಎರಡನೆಯದಕ್ಕೆ ಯಾರೋ ಒಬ್ಬರು ಸಹಿ ಮಾಡಿ ಉತ್ತರ ಬರೆಯಲೇಬೇಕು. ಆ ಉತ್ತರ ಮುಂದೆ ನಿಮ್ಮ ಕೈಯಲ್ಲಿ ದಾಖಲೆಯಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಆಯೋಗ ನೋಡುವುದು ಸರ್ಕಾರಿ ನೌಕರರ ತಪ್ಪನ್ನು ಮಾತ್ರವಲ್ಲ, ಅವರ ನಿರ್ಲಕ್ಷ್ಯವನ್ನೂ. ಖಾಸಗಿ ಮಾಲೀಕ ಕೂಲಿಕಾರನ ಜೀವಕ್ಕೆ ಕುತ್ತು ತಂದರೆ ಅದು ಕೂಡಲೇ ಆಯೋಗದ ವಿಷಯವಾಗುವುದಿಲ್ಲ. ಅದನ್ನು ತಡೆಯಬೇಕಿದ್ದ ಅಧಿಕಾರಿ ಕಣ್ಣು ಮುಚ್ಚಿಕೊಂಡಿದ್ದರೆ ಆಗುತ್ತದೆ. ಅರ್ಜಿ ಬರೆಯುವವರು ಬಹಳ ಸಲ ಎಡವುವುದು ಇಲ್ಲೇ. ಮಾಲೀಕನನ್ನು ಎರಡು ಪುಟ ಬಯ್ದು, ಇಲಾಖೆಯ ಹೆಸರನ್ನೇ ಬರೆದಿರುವುದಿಲ್ಲ.

ಕಲ್ಲಿನ ದೂಳು ಮತ್ತು ಒಂದು ಹಳೆಯ ಮೊಕದ್ದಮೆ

ಇಳಕಲ್ಲಿನ ಹೆಸರು ಸೀರೆಯಿಂದ ಎಲ್ಲರಿಗೂ ಪರಿಚಿತ. ಅಲ್ಲಿನ ಕೆಂಪು, ಗುಲಾಬಿ ಬಣ್ಣದ ಗ್ರಾನೈಟ್ ಕೂಡ ದೇಶ ದಾಟಿ ಹೋಗುತ್ತದೆ. ಇಳಕಲ್, ಹುನಗುಂದ ಸುತ್ತಿನ ಕ್ವಾರಿ ಮತ್ತು ಪಾಲಿಶ್ ಘಟಕಗಳಲ್ಲಿ ಕೆಲಸಕ್ಕಿರುವವರಲ್ಲಿ ಸ್ಥಳೀಯರಿದ್ದಾರೆ, ಹೊರರಾಜ್ಯದವರೂ ಇದ್ದಾರೆ. ಗ್ರಾನೈಟ್‌ನಲ್ಲಿ ಸಿಲಿಕಾ ಹೇರಳ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಂತೂ ಇನ್ನೂ ಹೆಚ್ಚು. (ಗುಹಾಲಯಗಳನ್ನು ಕೊರೆದ ಚಾಲುಕ್ಯರ ಕಾಲದ ಶಿಲ್ಪಿಗಳ ಎದೆಯೊಳಗೆ ಎಷ್ಟು ದೂಳು ಹೋಯಿತೆಂದು ಯಾರೂ ಬರೆದಿಟ್ಟಂತಿಲ್ಲ.) ಒಣಗಲ್ಲನ್ನು ಕೊರೆದಾಗ, ಕತ್ತರಿಸಿದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದೊಳಗೆ ಹೋಗಿ ಅಲ್ಲೇ ಕೂರುತ್ತದೆ. ವರ್ಷಗಳ ಮೇಲೆ ಬರುವುದು ಸಿಲಿಕೋಸಿಸ್. ಅದಕ್ಕೆ ಗುಣಪಡಿಸುವ ಔಷಧಿಯಿಲ್ಲ. ಕೆಮ್ಮು, ಏದುಸಿರು, ತೂಕ ಇಳಿಯುವುದು ನೋಡಿ ಕ್ಷಯ ಎಂದು ತಿಳಿದು ಟಿಬಿ ಮಾತ್ರೆ ಕೊಡುವುದು ದೇಶದೆಲ್ಲೆಡೆ ನಡೆಯುತ್ತದೆ. ‘ಯಾವ ಕೆಲಸ ಮಾಡುತ್ತಿದ್ದಿ?’ ಎಂದು ದವಾಖಾನೆಯಲ್ಲಿ ಕೇಳದಿದ್ದರೆ ರೋಗಕ್ಕೂ ಕೆಲಸಕ್ಕೂ ಇರುವ ನಂಟು ಅಲ್ಲಿಗೇ ಕಡಿಯುತ್ತದೆ.

ರಾಷ್ಟ್ರೀಯ ಆಯೋಗ ಹಕ್ಕನ್ನು ಕಾಯುವ ಬಗೆ ಹೇಗಿರುತ್ತದೆ ಎಂಬುದಕ್ಕೆ ಈ ರೋಗದ ಕಥೆಯೇ ಒಳ್ಳೆಯ ಉದಾಹರಣೆ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆಯ ಆದಿವಾಸಿಗಳು ಗುಜರಾತಿನ ಗೋಧ್ರಾ ಭಾಗದ ಬಿಳಿಗಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ದುಡಿಯಲು ಹೋಗಿ, ರೋಗ ಹೊತ್ತು ಊರಿಗೆ ಮರಳಿ ಸಾಯತೊಡಗಿದರು. ವಿಷಯ 2006ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಕೋರ್ಟು ಆಯೋಗಕ್ಕೂ ಹೊಣೆ ವಹಿಸಿತು. ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿಯನ್ನು ಗುಜರಾತ್ ಸರ್ಕಾರ ಕೊಡಬೇಕೆಂದು ಆಯೋಗ 2010ರಲ್ಲಿ ಶಿಫಾರಸು ಮಾಡಿತು. ಮರುವರ್ಷ ಸಿಲಿಕೋಸಿಸ್ ಕುರಿತೇ ಸಂಸತ್ತಿಗೆ ವಿಶೇಷ ವರದಿ ಕೊಟ್ಟಿತು. ಗುಜರಾತ್ ಕೊಡಲಿಲ್ಲ. ಕೊನೆಗೆ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಕೊಡಿ ಎಂದು ಆದೇಶಿಸಬೇಕಾಯಿತು. ಶಿಫಾರಸಿಗೂ ಆದೇಶಕ್ಕೂ ನಡುವೆ ಸುಮಾರು ಆರು ವರ್ಷ. ಆಯೋಗದ ಶಕ್ತಿ ಮತ್ತು ಅಶಕ್ತಿ ಎರಡೂ ಈ ಒಂದು ಪ್ರಕರಣದಲ್ಲಿವೆ: ಅದರ ವರದಿಯಿಲ್ಲದೆ ಕೋರ್ಟಿಗೆ ಆಧಾರ ಸಿಗುತ್ತಿರಲಿಲ್ಲ, ಕೋರ್ಟಿಲ್ಲದೆ ವರದಿಗೆ ಬೆಲೆ ಬರುತ್ತಿರಲಿಲ್ಲ.

ಇಳಕಲ್ಲಿನ ಕೂಲಿಕಾರರು ಇದರಿಂದ ತಿಳಿದುಕೊಳ್ಳಬೇಕಾದ್ದು ಕೆಲಸದ ಪುರಾವೆ ಇಟ್ಟುಕೊಳ್ಳುವುದನ್ನು. ಹಾಜರಿ ಚೀಟಿ, ವಾರದ ಪಗಾರದ ಲೆಕ್ಕ, ಫೋನ್‌ಪೇಯಲ್ಲಿ ಬಂದ ಕೂಲಿಯ ದಾಖಲೆ, ಕ್ವಾರಿಯಲ್ಲಿ ತೆಗೆದ ಫೋಟೊ, ಜತೆಗಾರರ ಹೆಸರು, ಎದೆಯ ಎಕ್ಸ್‌ರೇ ಇವೆಲ್ಲ ಒಂದು ಚೀಲದಲ್ಲಿರಲಿ. ಸಿಲಿಕೋಸಿಸ್ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಎಂದು ಕಾರ್ಖಾನೆ, ಗಣಿ ಕಾನೂನುಗಳು ಹೇಳುತ್ತವೆ. ಆಯೋಗಕ್ಕೆ ಬರೆಯುವಾಗ ಕೇಳಬೇಕಾದ ಪ್ರಶ್ನೆಗಳು ಹೀಗಿರಬೇಕು: ಈ ಘಟಕದಲ್ಲಿ ನೀರು ಬಿಟ್ಟು ಕೊರೆಯುವ ವ್ಯವಸ್ಥೆ ಇದೆಯೇ ಎಂದು ಯಾರು, ಯಾವಾಗ ತಪಾಸಣೆ ಮಾಡಿದರು? ಕೂಲಿಕಾರರ ಆರೋಗ್ಯ ತಪಾಸಣೆಯ ವರದಿ ಎಲ್ಲಿದೆ? ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕಾರ್ಖಾನೆಗಳ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ ಇವರಲ್ಲಿ ಯಾರಿಗೆ ಮೊದಲು ದೂರು ಕೊಟ್ಟಿದ್ದೆವು, ಅವರು ಏನು ಮಾಡಿದರು? ಕೂಲಿ ಕಡಿಮೆ ಕೊಟ್ಟರು, ಕೆಲಸದಿಂದ ತೆಗೆದರು ಎಂಬ ದೂರುಗಳನ್ನು ಇದರೊಳಗೆ ಬೆರೆಸಬಾರದು. ಅವು ಕಾರ್ಮಿಕ ಇಲಾಖೆಗೆ ಸೇರಿದವು. ಆಯೋಗದ ನಿಯಮಾವಳಿ ಕೈಗಾರಿಕಾ ವಿವಾದ ಮತ್ತು ನೌಕರಿಯ ತಂಟೆಗಳನ್ನು ಹೊರಗಿಟ್ಟಿದೆ.

ಮುಳುಗಡೆ, ನೆರೆ, ಗುಳೆ

ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಬಹುಭಾಗ ಹೋಗಿ ನವನಗರ ಎದ್ದ ಜಿಲ್ಲೆಯಿದು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಮೂರನೇ ಹಂತ ಇನ್ನೂ ಹಲವು ಹಳ್ಳಿಗಳ ತಲೆಯ ಮೇಲೆ ತೂಗುತ್ತಿದೆ. ‘ಎಕರೆಗೆ ಪರಿಹಾರ ಸಾಲದು’ ಎಂಬ ಅರ್ಜಿಯನ್ನು ಆಯೋಗಕ್ಕೆ ಹಾಕಿದರೆ ವಾಪಸ್ ಬರುವುದೇ ಹೆಚ್ಚು. ದರದ ತಕರಾರಿಗೆ ಭೂಸ್ವಾಧೀನ ಕಾನೂನಿನಲ್ಲೇ ಪ್ರಾಧಿಕಾರ, ನ್ಯಾಯಾಲಯಗಳ ದಾರಿಯಿದೆ. ಆಸ್ತಿಯ ವ್ಯಾಜ್ಯಗಳನ್ನೂ ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯಗಳನ್ನೂ ಆಯೋಗ ಮುಟ್ಟುವುದಿಲ್ಲ. ಆದರೆ ಅದೇ ಸಂತ್ರಸ್ತರನ್ನು ಕಳಿಸಿದ ಪುನರ್ವಸತಿ ಕೇಂದ್ರದಲ್ಲಿ ಕುಡಿಯುವ ನೀರಿಲ್ಲ, ಶಾಲೆಗೆ ಮೇಷ್ಟ್ರಿಲ್ಲ, ಹೆಣ ಸುಡಲು ಜಾಗವಿಲ್ಲ ಎಂದರೆ ಅದು ಖಂಡಿತ ಹಕ್ಕಿನ ಪ್ರಶ್ನೆ. ಜನರು ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುತ್ತಾರೆ, ಪರಿಹಾರದ ಸಾಲು ನೋಡಿ ಇಡೀ ಅರ್ಜಿ ಬದಿಗೆ ಸರಿಯುತ್ತದೆ.

2009ರ ಅಕ್ಟೋಬರಿನ ನೆರೆ, ಆಮೇಲೆ 2019ರ ಆಗಸ್ಟಿನ ನೆರೆ ಮಲಪ್ರಭಾ ದಂಡೆಯ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳನ್ನು ಹಣ್ಣುಮಾಡಿದವು. ಮೊದಲನೆಯದರ ನಂತರ ಕಟ್ಟಿದ ‘ಆಸರೆ’ ಮನೆಗಳ ಹಂಚಿಕೆ, ಹಕ್ಕುಪತ್ರ, ರಸ್ತೆ, ನೀರಿನ ಗೋಳು ಊರವರಿಗೆ ಹೊಸದಲ್ಲ. ಇಲ್ಲೂ ಬರೆಯುವ ರೀತಿ ಅದೇ: ಪಟ್ಟಿಯಲ್ಲಿ ಹೆಸರಿದ್ದೂ ಮನೆ ಸಿಗಲಿಲ್ಲವೋ, ಒಂದೇ ಜಾತಿಯ ಓಣಿಗೆ ಮಾತ್ರ ನಳ ಬಂದಿತೋ, ಯಾವ ಅಧಿಕಾರಿಯ ಯಾವ ಆದೇಶ ಜಾರಿಯಾಗಿಲ್ಲವೋ, ಅದನ್ನೇ ಬರೆಯಿರಿ.

ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರು–ಉಡುಪಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಒಂದು ವಿಶೇಷ ತೊಡಕಿದೆ. ಅನ್ಯಾಯ ಎಲ್ಲಿ ನಡೆಯಿತೋ ಆ ರಾಜ್ಯದ ಆಯೋಗಕ್ಕೆ ಅಧಿಕಾರ. ಗೋವಾದ ಪೊಲೀಸರು ಹೊಡೆದಿದ್ದರೆ ಬೆಂಗಳೂರಿಗೆ ಬರೆದು ಪ್ರಯೋಜನವಿಲ್ಲ. ಗೋವಾದ ರಾಜ್ಯ ಆಯೋಗಕ್ಕೆ ಅಥವಾ ದೆಹಲಿಗೆ ಬರೆಯಬೇಕು. ಕನ್ನಡದಲ್ಲೇ ಬರೆಯುವುದಾದರೆ ದೆಹಲಿಯೇ ಲೇಸು. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬರೆದರೂ ಅದು ತೆಗೆದುಕೊಳ್ಳಬೇಕು. ಮುಂಗಡ ಕೊಟ್ಟು ಊರಿಗೆ ಬಿಡದೆ ದುಡಿಸಿಕೊಂಡರೆ ಅದು ಜೀತ. ಜೀತ ನಿಷೇಧ ಕಾನೂನು 1976ರದ್ದು. ಅದು ಜಾರಿಯಾಗುತ್ತಿದೆಯೇ ಎಂದು ನೋಡಿಕೊಳ್ಳುವ ಕೆಲಸವನ್ನು ಸುಪ್ರೀಂ ಕೋರ್ಟ್ 1997ರಲ್ಲಿ ರಾಷ್ಟ್ರೀಯ ಆಯೋಗಕ್ಕೆ ವಹಿಸಿದೆ. ಬಿಡುಗಡೆ ಪ್ರಮಾಣಪತ್ರ ಇಲ್ಲದಿದ್ದರೆ ಪುನರ್ವಸತಿಯ ಹಣವಿಲ್ಲ, ಆದ್ದರಿಂದ ಜೀತದಿಂದ ಬಿಡಿಸಿದ ಕೂಡಲೇ ಆ ಪತ್ರವನ್ನೇ ಕೇಳಬೇಕು.

ಯಾರೂ ಅರ್ಜಿ ಕೊಡದೆಯೂ ಆಯೋಗ ಎಚ್ಚರಗೊಳ್ಳಬಹುದು. ಪತ್ರಿಕೆಯ ಸುದ್ದಿ ಸಾಕು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾನೂನಿನಿಂದ ನಿಷೇಧಿಸಿದ್ದರೂ ಅದು ಪೂರ್ತಿ ನಿಂತಿಲ್ಲವೆಂಬ ವರದಿ ನೋಡಿ, 2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಯೋಗ ತಾನಾಗಿಯೇ ಕೇಂದ್ರಕ್ಕೂ ಕರ್ನಾಟಕ ಸೇರಿ ಆರು ರಾಜ್ಯಗಳಿಗೂ ನೋಟಿಸು ಕೊಟ್ಟಿತು. ಬಾಗಲಕೋಟೆ ಈ ಪದ್ಧತಿಯ ನೋವುಂಡ ಜಿಲ್ಲೆಗಳಲ್ಲೊಂದು. ಸಮೀಕ್ಷೆಯ ಪಟ್ಟಿಯಿಂದ ಬಿಟ್ಟುಹೋದ ತಾಯಂದಿರು, ಶಾಲಾ ದಾಖಲಾತಿಯಲ್ಲಿ ತಂದೆಯ ಹೆಸರಿಗೆ ಕಾಡಿಸಿಕೊಂಡ ಮಕ್ಕಳು ಬರೆಯುವ ಅರ್ಜಿ ಇಂಥ ನೋಟಿಸಿಗೆ ಜೀವ ತುಂಬುತ್ತದೆ. ಊರಿನ ವರದಿಗಾರರ ಕೆಲಸವೂ ಇಲ್ಲಿ ಸಣ್ಣದಲ್ಲ.

ಠಾಣೆ, ಜೈಲು

ಆಯೋಗ ಹುಟ್ಟಿದ ಎರಡೇ ತಿಂಗಳಿಗೆ, 1993ರ ಡಿಸೆಂಬರಿನಲ್ಲಿ, ಮಾಡಿದ ಒಂದು ನಿಯಮ ಇವತ್ತಿಗೂ ಅದರ ಅತಿ ಗಟ್ಟಿಯಾದ ಕೆಲಸ: ಪೊಲೀಸ್ ವಶದಲ್ಲಾಗಲಿ ಜೈಲಿನಲ್ಲಾಗಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ಜಿಲ್ಲಾಡಳಿತ, ಪೊಲೀಸ್ ವರಿಷ್ಠರು ಆಯೋಗಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಮುಚ್ಚಿಡುತ್ತಿದ್ದಾರೆಂದು ಆಯೋಗ ಭಾವಿಸಬಹುದು. ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಬೇಕೆಂದೂ ಅದು 1995ರಲ್ಲಿ ರಾಜ್ಯಗಳಿಗೆ ಬರೆಯಿತು. ಮನೆಯವರು ವಿಡಿಯೊ ಆಗುತ್ತಿದೆಯೇ ಎಂದು ಅಲ್ಲೇ ಕೇಳಬೇಕು. ದಫನ್ ಆದ ಮೇಲೆ ಕೇಳಿದರೆ ಉತ್ತರ ಸಿಗುವುದು ಕಷ್ಟ. ಜೈಲು, ಬಾಲಮಂದಿರ, ಆಸ್ಪತ್ರೆ, ವಸತಿನಿಲಯಗಳಿಗೆ ಆಯೋಗದವರು ಭೇಟಿ ಕೊಡಬಹುದು. ಮಾನಸಿಕ ಆಸ್ಪತ್ರೆಗಳ ಸ್ಥಿತಿ ಕುರಿತು 1999ರಲ್ಲಿ ಬಂದ ಆಯೋಗದ ವರದಿಯನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಜತೆಗೂಡಿ.

ಕರ್ನಾಟಕದ ಮಟ್ಟಿಗೆ ಮರೆಯಬಾರದ ಪ್ರಕರಣ ಕಾಡುಗಳ್ಳ ವೀರಪ್ಪನ್ ಬೇಟೆಯದು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರ ಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ನಡೆಸಿದವೆನ್ನಲಾದ ಹಿಂಸೆಯ ದೂರುಗಳನ್ನು ಪರಿಶೀಲಿಸಲು ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. 2007ರ ಜನವರಿಯಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಬಂತು. ಕಾಡಂಚಿನ ಬಡವರ ಮಾತನ್ನು ಸಾಕ್ಷ್ಯವಾಗಿ ಬರೆದುಕೊಂಡದ್ದು ದೊಡ್ಡದು. ಎಂಟು ವರ್ಷ ತೆಗೆದುಕೊಂಡದ್ದು ಅಷ್ಟೇ ದೊಡ್ಡ ಕೊರತೆ.

ಅರ್ಜಿ ಬರೆಯುವುದು ಹೀಗೆ

ಶುಲ್ಕವಿಲ್ಲ, ಸ್ಟಾಂಪು ಬೇಡ, ವಕೀಲರು ಬೇಡ. ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಹೆಸರಿಲ್ಲದ ಅರ್ಜಿಯನ್ನು, ‘ಊರವರು’ ಎಂದು ಸಹಿ ಮಾಡಿದ್ದನ್ನು ತೆಗೆದುಕೊಳ್ಳುವುದಿಲ್ಲ. ನೊಂದವರೇ ಬರೆಯಬೇಕೆಂದಿಲ್ಲ; ಅವರ ಪರವಾಗಿ ಯಾರೂ ಬರೆಯಬಹುದು. ನೊಂದವರ ಹೆಸರು, ವಯಸ್ಸು, ವಿಳಾಸ. ಘಟನೆಯ ದಿನಾಂಕ, ವೇಳೆ, ಜಾಗ. ಏನಾಯಿತು ಎಂಬುದು ನಾಲ್ಕೈದು ಸಾಲಿನಲ್ಲಿ. ತಪ್ಪು ಮಾಡಿದ ಅಥವಾ ಸುಮ್ಮನಿದ್ದ ಅಧಿಕಾರಿಯ ಹುದ್ದೆ, ಕಚೇರಿ. ಈ ವಿಷಯ ಯಾವ ಕೋರ್ಟಿನಲ್ಲೂ ಬೇರೆ ಆಯೋಗದಲ್ಲೂ ಇಲ್ಲ ಎಂಬ ಮಾತು. ನಿಮಗೆ ಏನು ಬೇಕು ಎಂಬುದು. ದವಾಖಾನೆಯ ಚೀಟಿ, ಗಾಯದ ಪ್ರಮಾಣಪತ್ರ, ಎಫ್‌ಐಆರ್, ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ ಇವುಗಳ ಜೆರಾಕ್ಸ್ ಲಗತ್ತಿಸಿ, ಅಸಲು ನಿಮ್ಮಲ್ಲೇ ಇರಲಿ. ಸಂವಿಧಾನದ ಕಲಂಗಳನ್ನು ಸಾಲಾಗಿ ಬರೆದು ಅರ್ಜಿಗೆ ತೂಕ ತರಬೇಕಾಗಿಲ್ಲ. ತೂಕ ಬರುವುದು ದಿನಾಂಕದಿಂದ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದೆಹಲಿ ಆಯೋಗದ ವಿಳಾಸ: ಮಾನವ ಅಧಿಕಾರ ಭವನ, ಬ್ಲಾಕ್ ಸಿ, ಜಿಪಿಒ ಕಾಂಪ್ಲೆಕ್ಸ್, ಐಎನ್‌ಎ, ನವದೆಹಲಿ 110023. ಅದಕ್ಕೆ ಆನ್‌ಲೈನ್ ದೂರಿನ ವ್ಯವಸ್ಥೆಯೂ ಇದೆ; ಮೊಬೈಲಿನಲ್ಲಿ ಆಗದಿದ್ದರೆ ಹಳ್ಳಿಯ ಸಿಎಸ್‌ಸಿ ಕೇಂದ್ರದಲ್ಲಿ ಮಾಡಿಸಬಹುದು. ಸಿಗುವ ಡೈರಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ. ದೆಹಲಿಗೂ ಬೆಂಗಳೂರಿಗೂ ಒಟ್ಟಿಗೆ ಕಳಿಸುವ ಅಭ್ಯಾಸ ಬಿಡಿ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ ಎಂದು 36ನೇ ಕಲಂ ಹೇಳುತ್ತದೆ. ಲಂಚದ ದೂರಿದ್ದರೆ ಅದು ಲೋಕಾಯುಕ್ತಕ್ಕೆ. ಎರಡನ್ನೂ ಒಂದೇ ಎಂದುಕೊಂಡವರು ಕಡಿಮೆಯಿಲ್ಲ.

ಅರ್ಜಿ ದಾಖಲಾದ ಮೇಲೆ ಆಯೋಗ ಸಂಬಂಧಪಟ್ಟ ಅಧಿಕಾರಿಯಿಂದ ವರದಿ ಕೇಳುತ್ತದೆ. ಆ ವರದಿಯ ಪ್ರತಿ ಅಭಿಪ್ರಾಯಕ್ಕೆಂದು ನಿಮಗೆ ಬಂದರೆ ಅದು ಇಡೀ ವ್ಯವಹಾರದ ಮುಖ್ಯ ಘಟ್ಟ. ‘ಆರೋಪ ಸುಳ್ಳು’ ಎಂದು ಫೌಜದಾರರು ಬರೆದಿರುತ್ತಾರೆ. ಬೇಸರಪಟ್ಟು ಸುಮ್ಮನಾದರೆ ಕಡತ ಮುಚ್ಚುತ್ತದೆ. ಸಾಲು ಸಾಲಾಗಿ ಉತ್ತರ ಬರೆದು, ಹೊಸ ದಾಖಲೆ ಸೇರಿಸಿ, ಹೇಳಿದ ಗಡುವಿನೊಳಗೆ ಕಳಿಸಬೇಕು. ತಪ್ಪು ಸಾಬೀತಾದರೆ ಪರಿಹಾರ, ಇಲಾಖಾ ಕ್ರಮ, ಮೊಕದ್ದಮೆಗೆ ಶಿಫಾರಸು ಮಾಡಬಹುದು. ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕ ಪರಿಹಾರಕ್ಕೂ ಹೇಳಬಹುದು. ಸರ್ಕಾರ ಒಂದು ತಿಂಗಳಲ್ಲಿ ಏನು ಮಾಡಿತೆಂದು ತಿಳಿಸಬೇಕು. ತಿಳಿಸಿತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಹತ್ತು ರೂಪಾಯಿ ಸಾಕು.

ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೇ? ಒಪ್ಪಲೇಬೇಕೆಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರ ಫೆಬ್ರುವರಿಯಲ್ಲಿ ಹೇಳಿದೆ, ಆದರೆ ಆ ಮಾತು ದೇಶಕ್ಕೆಲ್ಲ ಕಾನೂನಾಗಿಲ್ಲ. ಆಯೋಗದ ಮೇಲಿನ ಟೀಕೆಗಳೂ ಸುಳ್ಳಲ್ಲ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವ ವ್ಯವಸ್ಥೆ, ಸದಸ್ಯರಲ್ಲಿ ಮಹಿಳೆಯರ ಮತ್ತು ವೈವಿಧ್ಯದ ಕೊರತೆ ಇವನ್ನು ಎತ್ತಿ ತೋರಿಸಿ, ಜಗತ್ತಿನ ಮಾನವ ಹಕ್ಕು ಸಂಸ್ಥೆಗಳ ಒಕ್ಕೂಟ 2023ರಲ್ಲೂ 2024ರಲ್ಲೂ ಭಾರತದ ಆಯೋಗದ ದರ್ಜೆಯನ್ನು ನವೀಕರಿಸದೆ ಮುಂದೂಡಿತು. 2024ರ ಜೂನ್‌ನಿಂದ ಡಿಸೆಂಬರ್ ಕೊನೆಯವರೆಗೆ ದೆಹಲಿಯಲ್ಲಿ ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ. ನನ್ನ ಅನಿಸಿಕೆ ಇಷ್ಟು: ಇದನ್ನು ಕೊನೆಯ ಆಸರೆ ಎಂದು ನಂಬಿ ಕೂರಬಾರದು, ಕೋರ್ಟಿಗೆ ಹೋಗುವ ಮುನ್ನ ದಾಖಲೆ ಹುಟ್ಟಿಸುವ ಜಾಗವೆಂದು ಬಳಸಿಕೊಳ್ಳಬೇಕು. ಕೋರ್ಟಿಗೆ ಹೋಗುವುದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೆಂದು ಕೇಳುವುದಿಲ್ಲ. ಅದರ ಸಹಾಯವಾಣಿ 15100. ರಾಷ್ಟ್ರೀಯ ಆಯೋಗದ್ದು 14433.

ಕೊನೆಯದಾಗಿ ಕ್ಯಾಲೆಂಡರ್ ನೋಡಿಕೊಳ್ಳಿ. ಘಟನೆ ನಡೆದು ಒಂದು ವರ್ಷ ದಾಟಿದ ಮೇಲೆ ಬಂದ ದೂರನ್ನು ಆಯೋಗ ವಿಚಾರಿಸುವಂತಿಲ್ಲ. ಊರ ಹಿರಿಯರು ರಾಜಿ ಮಾಡಿಸುತ್ತೇವೆಂದು ತಿಂಗಳು ದೂಡಿದರೂ, ಸಾಹೇಬರು ‘ನೋಡೋಣ’ ಎಂದು ಕಳಿಸುತ್ತಲೇ ಇದ್ದರೂ ಆ ವರ್ಷದ ಲೆಕ್ಕ ನಿಲ್ಲುವುದಿಲ್ಲ. ಮಾತುಕತೆ ನಡೆಯುತ್ತಿರಲಿ, ಅರ್ಜಿಯನ್ನು ಮಾತ್ರ ಈ ವಾರವೇ ಅಂಚೆಗೆ ಹಾಕಿ.